ಯಾರ ತಾಯಿ ಅಂತ ಬರಿಯಬಾರದಿತ್ತಂತ

ಶ್ರೀ ಸಂಗಮನಾಥ ಪ್ರಸನ್ನ

ಇಳಕಲ್ಲ
ಶ್ರಾವಣದ ಮೂರನೇ ಸೋಮವಾರ, ೧೧-೮-೨೦೨೫

ಫೋನ್ ಎತ್ತದ ನನ್ನ ಮಗಳು ಚಿರಂಜೀವಿ ಶಿವಗಂಗಾಗ ನಿಮ್ಮವ್ವ ಮಾಡೂ ಆಶೀರ್ವಾದಗಳು.

ಇಲ್ಲಿ ಎಲ್ಲಾರೂ ಆರಾಮ ಅಂತ ಬರಿಯೂದು ರೂಢಿ. ನಾ ಆರಾಮ ಇಲ್ಲ, ಸಿಟ್ಟಿನ್ಯಾಗ ಅದೇನಿ. ಫೋನಿನ್ಯಾಗಂತೂ ನೀ ನನಗ ಮಾತು ಮುಗಿಸಾಕ ಬಿಡೂದಿಲ್ಲ. ಕಾಗದ ಆದ್ರ ನಡುವ ಕಟ್ ಮಾಡಾಕ ಬರೂದಿಲ್ಲ. ಹರದ ಒಗೀಬಹುದು, ಆದ್ರ ನೀ ಒಗಿಯಾಕಿ ಅಲ್ಲ. ಬರದ ಹಾಳಿ ಕಾಲಿಗೆ ತಾಗಿದ್ರ ಕಣ್ಣಿಗೆ ಒತ್ತಿಕೊಳ್ಳಾಕಿ ನೀನು.

ಮೊದಲ ನೀ ಬೈದದ್ದನ್ನ ನಾನ ಬರೀತೇನಿ, ಆಮ್ಯಾಲ ಅವ್ವಗ ತಿಳಿದೇ ಇಲ್ಲ ಅನಬ್ಯಾಡ. ನೀ ದಿಲ್ಲಿಯೊಳಗ ಎಂ.ಪಿ.ಗಳಿಗೆ ಮಸೂದೆ ಓದಿ, ಬಿಡಿಸಿ, ಟಿಪ್ಪಣಿ ಬರದ ಕೊಡ್ತಿ. ಆಳೂ ಪಕ್ಷದವರಿಗೂ ಅದ ಹಾಳಿ, ವಿರೋಧದವರಿಗೂ ಅದ ಹಾಳಿ. ನಿಮ್ಮ ಆಫೀಸು ಯಾರ ಕಡೀನೂ ಅಲ್ಲ. ಈಗ ದೇಶದ ಭದ್ರತೆಗಂತ ಸ್ಫೋಟಕದ ಮ್ಯಾಲ ಹೊಸಾ ಮಸೂದೆ ಬಂತು, ಅದರ ಟಿಪ್ಪಣಿ ನೀನ ಬರದಿ. ಸಂಸತ್ತಿನ ಸಮಿತಿಯವರು ಜನರ ಅಭಿಪ್ರಾಯ ಕೇಳಿ ಪೇಪರಿನ್ಯಾಗ ಹಾಕಿದ್ರು. ನಾ ಸಮಿತಿಗೆ ಬರದೆ. ಬರೆಯೂ ಮುಂದ ನಿನ್ನ ಹೆಸರು ಹಾಕಿದೆ. ಅದಕ್ಕ, ನೀ ಒಂದ ಕಡಿಯಾಕಿ ಅಂತಾರಂತ, ನಿಮ್ಮ ಆಫೀಸಿನ ಮೇಡಮ್ ನಿನ್ನ ಟಿಪ್ಪಣಿ ಹಿಂದಕ್ಕ ತಗೊಂಡು ನಿನ್ನನ್ನ ಆ ಮಸೂದೆಯಿಂದ ಬಾಜೂ ಸರಿಸ್ಯಾರ. ಇಷ್ಟ ಹೌದಿಲ್ಲೋ?

ಇನ್ನ ನನ್ನ ಕಡೀದು ಕೇಳು. ಎರಡೂ ಕಡೀದು ಬರಿಯಾಕಿ ನೀನು, ಅವ್ವನ ಕಡೀದು ಮಾತ್ರ ಕೇಳಾಕ ನಿನಗ ಪುರಸೊತ್ತಿಲ್ಲ.

ನಮ್ಮ ಬಾಜೂ ಮನಿ ಜಹಾಂಗೀರ ಕೆಂಪು ಕಲ್ಲಿನ ಕ್ವಾರಿಯೊಳಗ ಮದ್ದು ತುಂಬಿ ಸಿಡಿಸಾವ, ನಿನಗ ಗೊತ್ತ ಐತಿ. ಲೈಸೆನ್ಸು ಅವನ ಹೆಸರಿಲೆ ಐತಿ. ಎಲ್ಲೋ ದೂರದ ಊರಾಗ ಯಾರೋ ಜಿಲೆಟಿನ್ ಕದ್ದರಂತ. ಇಲ್ಲಿ ಅವನ್ನ ಠಾಣೆಗೆ ಕರಸಿ ಮುಂಜಾನಿಂದ ಸಂಜೀತನಕ ಬೆಂಚಿನ ಮ್ಯಾಲ ಕುಂದ್ರಿಸಿ, ಏನೂ ಕೇಳದ, ಮನಿಗೆ ಹೋಗು ಅಂದ್ರು. ಅವತ್ತ ಅವನ ಹೆಂಡತಿ ರೋಷನಬಿ ನನ್ನ ಜೋಡಿ ಮಗ್ಗದ ಮುಂದ ಕುಂತು ಸೀರಿ ಮೈಗೆ ಸೆರಗಿನ ಎಳಿ ಕೊಂಡಿ ಹಾಕಾಕತ್ತಿದ್ಲು. ಹಾಕಿದ್ದೆಲ್ಲಾ ತಪ್ಪ. ಬಿಚ್ಚೂದು, ಮತ್ತ ಹಾಕೂದು. ಕಡೀಕ ನಾನ ಏಳವ್ವ ತಂಗಿ, ಚಾ ಕುಡಿ ಅಂದೆ.

ಆ ಮಸೂದೆಯೊಳಗ ಏನೈತಿ ಅಂತ ಅವನ ತಂಗಿ ಅಫ್ಸಾನಾ ಓದಿ ಹೇಳಿದ್ಲು. ಅಕಿ ಈಗ ಗುಡೂರ ಹೈಸ್ಕೂಲಿನ್ಯಾಗ ಇಂಗ್ಲಿಷ್ ಟೀಚರು. ಭದ್ರತೆಗೆ ಧಕ್ಕಿ ಅಂತ ಅನಿಸಿದ್ರ ಸಾಕು, ಲೈಸೆನ್ಸು ನಿಲ್ಲಸಬಹುದಂತ. ಯಾಕ ಅಂತ ಹೇಳಬೇಕಿಲ್ಲ. ಅವನ ಮಾತು ಕೇಳಬೇಕಿಲ್ಲ. ಮ್ಯಾಲ ಹೋಗಿ ಅಳಾಕ ಒಂದು ಜಾಗಾನೂ ಇಲ್ಲ. ಜಹಾಂಗೀರ ನಕ್ಕ. ದೊಡ್ಡವ್ವ, ಕಲ್ಲಿಗೆ ಸೈತ ಸೈರನ್ ಊದಿ ಹೇಳಿ ಸಿಡಿಸ್ತೇವಿ, ನನಗ ಅದೂ ಇಲ್ಲ ನೋಡು ಅಂದ. ಅವನ ನಗಿ ನೋಡಿ ನನಗ ಊಟ ಸೇರಲಿಲ್ಲ.

ದೇಶ ಕಾಯೂದು ಬ್ಯಾಡ ಅನ್ನಾಕಿ ನಾ ಅಲ್ಲ. ಗಡಿ ಕಾಯೂ ಮಕ್ಕಳ ಹೆಸರಿಲೆ ದಿನಾ ಲಿಂಗಪೂಜಿಯೊಳಗ ಒಂದು ಪತ್ರಿ ಏರಸ್ತೇನಿ. ಮದ್ದು ಕಳದ್ರ ಹಿಡೀರಿ, ಬಡೀರಿ, ಕೇಳ್ರಿ. ಆದ್ರ ಕೇಳ್ರಿ! ನಮ್ಮ ಓಣ್ಯಾಗ ನಳದ ಜಗಳಕ್ಕ ಸೈತ ಎರಡೂ ಕೊಡದವರ ಮಾತು ಕೇಳ್ತಾರ. ಅಷ್ಟ ಅಫ್ಸಾನಾನ ಕೈಲೆ ಇಂಗ್ಲಿಷಿನ್ಯಾಗ ಬರಿಸಿದೆ.

ಹೆಸರಿನ ಮಾತಿಗೆ ಬರ್ತೇನಿ. ಗುರುಲಿಂಗವ್ವ, ಐವತ್ತು ವರ್ಷ, ಇಳಕಲ್ಲ, ಇಷ್ಟ ಸಾಕು ದೊಡ್ಡವ್ವ ಅಂತ ಅಫ್ಸಾನಾ ಅಂದದ್ದು ಖರೆ. ಇಷ್ಟ ಬರದ್ರ ಯಾವಾಕಿ ಅಂತ ಅವರಿಗೆ ಹೆಂಗ ತಿಳೀಬೇಕು? ನಮ್ಮ ಕಡೆ ಹೊಸಾ ಮನಿಗೆ ಹೋದ್ರ ನೀರು ಕೊಡೂಕಿಂತ ಮೊದಲ ಯಾರ ಪೈಕಿ ಅಂತಾರ. ತವರಿಗೆ ಹೋದ್ರ ಅಮಾತೆಪ್ಪನ ಮಗಳು, ಇಲ್ಲಿ ನಿಮ್ಮಪ್ಪನ ಹೆಂಡತಿ, ಸಂತಿಯೊಳಗ ನಿನ್ನ ತಾಯಿ. ಬರೇ ಹೆಸರಿಲೆ ನಾ ಯಾರ ಮನೀಗೂ ಹೋದಾಕಿ ಅಲ್ಲ. ಗುರುತು ಹೇಳದ ಬಂದಾಂವ ಕಳ್ಳ. ಅದಕ್ಕ, ನಿಮ್ಮಲ್ಲೇ ಮಸೂದೆ ಓದಿ ಟಿಪ್ಪಣಿ ಬರಿಯೂ ಶಿವಗಂಗಾಳ ತಾಯಿ ಅಂತ ಹಾಕಂದೆ. ಅಫ್ಸಾನಾ ಪೆನ್ನು ಕೆಳಗ ಇಟ್ಲು. ನೀ ಟೀಚರು ಸಾಲ್ಯಾಗ, ನನ್ನ ಮನ್ಯಾಗ ಅಲ್ಲ, ಬರಿ ಅಂತ ಜಬರಿಸಿದೆ. ಹೌದು, ಆ ಸಾಲು ಮತ್ತೊಮ್ಮೆ ಓದಿಸಿ ಕೇಳಿದೆ. ಚಲೋ ಅನಿಸ್ತು. ಬೈತಿದ್ರ ಅದಕ್ಕೂ ಬೈ.

ನನ್ನ ಹಾಳ್ಯಾಗ ನನ್ನ ವಾಸನಿ ಬರಬಾರದವ್ವಾ ಅಂತ ನೀ ಫೋನಿನ್ಯಾಗ ಒದರಿದಿ. ವಾಸನಿ ಇಲ್ಲದ ಒಗ್ಗರಣಿ ಯಾರ ತಿಂತಾರ ಅಂತ ನಾನೂ ಒದರಿದೆ. ನಿಮ್ಮಪ್ಪ ಪೇಪರಿನಿಂದ ಮಾರಿ ಎತ್ತದ, ಮಗಳು ತಕ್ಕಡಿ ಹಿಡದಾಳ, ನೀ ಹೋಗಿ ತಕ್ಕಡ್ಯಾಗ ಕುಂತಿ ಅಂದ್ರು. ವರ್ಷಕ್ಕೊಮ್ಮೆ ಬಾಯಿ ತಗೀತಾರ, ಅದೂ ನನ್ನ ವಿರುದ್ಧ.

ಆದ್ರ ಫೋನ್ ಇಡೂ ಮುಂದ ನೀ ಕಡೀಕ ಅಂದ ಮಾತು ನನ್ನ ಎದ್ಯಾಗ ಕುಂತೈತಿ. ಲೈಸೆನ್ಸಿನವನ ಮಾತು ಕೇಳೂ ಜಾಗಾ ಇಲ್ಲ ಅಂತ ಆ ಎಂ.ಪಿ.ಗಳಿಗೆ ಬರದಾಕಿ ನಾ ಒಬ್ಬಾಕಿ, ಈಗ ಆ ಸಾಲೂ ಹೋತು ಅಂದಿ. ನಾ ಜಹಾಂಗೀರಗ ಬಾಗಿಲಾ ತಗಿಯಾಕ ಹೋಗಿ ಅಗಳಿ ಹಾಕಿ ಬಂದೆ, ಹೌದಲ್ಲ? ಅವತ್ತ ಸಂಜಿಕ ಅಂವ ಬಂದು, ದೊಡ್ಡವ್ವ, ಶಿವಗಂಗಾ ಏನಂದ್ಲು ಅಂತ ಕೇಳಿದ. ಕೆಲಸದಾಗ ಅದಾಳಪ್ಪ, ಆಮ್ಯಾಲ ಹೇಳ್ತಾಳ ಅಂದೆ. ಶ್ರಾವಣದಾಗ, ವಿಭೂತಿ ಹಚ್ಚಿದ ಹಣಿ ಹೊತ್ತು ಸುಳ್ಳು ಹೇಳಿದೆ.

ಮರುದಿನ ಅಫ್ಸಾನಾನ ಕರದು ಮತ್ತೊಂದು ಬರಿಸಿದೆ. ಮೊದಲಿನದು ಹಿಂದಕ್ಕ ತಗೊಂಡೇನಿ, ಇದನ್ನ ಓದ್ರಿ ಅಂತ ಸಮಿತಿಗೆ. ಮಾತು ಮೊದಲಿನವ. ಯಾರ ಮಗಳೂ ಅಲ್ಲ, ಯಾರ ತಾಯೀನೂ ಅಲ್ಲ, ಗುರುಲಿಂಗವ್ವ, ನೇಕಾರಕಿ. ಸಹಿ ಮಾಡೂ ಮುಂದ ತಲಿ ಮ್ಯಾಲ ಸೆರಗಿಲ್ಲದ ಬಜಾರಕ್ಕ ಬಂದಂಗಾತು. ಆದ್ರೂ ಮಾಡಿದೆ.

ನಿಮ್ಮ ಮೇಡಮ್‌ಗೂ ಒಂದು ಬರಿಸಿ ಕಳಿಸೇನಿ. ಬಾಯಿ ಬಡಕೋಬ್ಯಾಡ, ಮೊದಲ ಓದು. ನಾ ಬರದದ್ದು ನನ್ನ ಮಗಳಿಗೆ ಗೊತ್ತಿರಲಿಲ್ಲ, ಅಕಿ ಏನೂ ಹೇಳಿಕೊಟ್ಟಿಲ್ಲ, ಇದು ಸಂಗಮನಾಥನ ಆಣಿ ಅಂತ ಹೇಳೇನಿ. ಆಮ್ಯಾಲ ಇನ್ನೊಂದು. ಅಕಿ ಬರದ ಸಾಲು ಸುಳ್ಳಿದ್ರ ತಗೀರಿ, ಅಕೀಗೆ ಒಬ್ಬಾಕಿ ಅವ್ವ ಅದಾಳಂತ ತಗೀಬ್ಯಾಡ್ರಿ. ಕೆಳಗ ಹೆಸರು ಬ್ಯಾರೆಯವರದು ಹಾಕ್ರಿ, ಸಾಲು ಇರಲಿ.

ನಿನಗ ಇದು ಸಂಕಟ ಅಂತ ಗೊತ್ತು. ತಿಂಗಳಗಟ್ಟಲೆ ಕಣ್ಣು ಕಿಸಗೊಂಡು ಬರದದ್ದಕ್ಕ ಇನ್ನೊಬ್ಬರ ಹೆಸರು. ಆದ್ರ ನನ್ನ ಹೆಸರಿನಿಂದ ನಿನ್ನ ತಗದೇನಿ, ನೀ ಆ ಹಾಳಿಯಿಂದ ನಿನ್ನ ಹೆಸರು ತಗಿಯವ್ವ. ಬಾಜೂ ಮನ್ಯಾಗ ಆ ಹುಡುಗನ ಲೈಸೆನ್ಸಿನ ಮ್ಯಾಲ ಏಳು ಮಂದಿ ಉಣ್ತಾರ. ಇದೊಂದು ಸರ್ತಿ ಹಟ ಮಾಡಬ್ಯಾಡ. ಹಟ ಯಾರಿಂದ ಬಂದೈತಿ ಅಂತ ನಿಮ್ಮಪ್ಪನ್ನ ಕೇಳಾಕ ಹೋಗಬ್ಯಾಡ.

ಸಿಟ್ಟು ಇನ್ನೂ ಅರ್ಧ ಉಳದೈತಿ, ಹಾಳಿ ಮುಗೀತು.

ಗುರುಲಿಂಗವ್ವ

ತಾ.ಕ.: ಒಂದು ಹೇಳೂದು ಬೇಕಂತ ಬಿಟ್ಟಿದ್ದೆ. ನಿನ್ನೆ ಅಲ್ಲ ಮೊನ್ನೆ ಸಮಿತಿಯವರು ಅಫ್ಸಾನಾಗ ಫೋನ್ ಮಾಡಿದ್ರು. ಎರಡನೇ ಕಾಗದ ಓದ್ಯಾರಂತ, ಆಯಮ್ಮ ಬಂದು ಬಾಯಿಲೆ ಹೇಳ್ತಾರೇನು ಅಂತ ಕೇಳಿದ್ರಂತ. ಹೂಂ ಅಂದೇನಿ. ಮುಂದಿನ ವಾರ ಹುಬ್ಬಳ್ಳಿಯಿಂದ ದಿಲ್ಲಿಗೆ ರೈಲು, ಅಫ್ಸಾನಾ ಜೋಡಿ ಬರ್ತಾಳ. ನಾ ಬರೂದು ನಿಮ್ಮ ಮೇಡಮ್‌ಗೆ ನೀನ ಮೊದಲ ಹೇಳಿಬಿಡು, ಮುಚ್ಚಿಡಬ್ಯಾಡ. ಸಮಿತಿಯವರು ಕೇಳಿದ್ರ ನಾನೂ ಸುಳ್ಳು ಹೇಳೂದಿಲ್ಲ, ಕೇಳದಿದ್ರ ನಾನಾಗೇ ಹೇಳೂದಿಲ್ಲ. ನಿನ್ನ ಖೋಲಿಗೆ ಬರೂದಿಲ್ಲ, ಧರ್ಮಶಾಲೆಯೊಳಗ ಇರ್ತೇವಿ. ಆ ದೊಡ್ಡ ಕಟ್ಟಡದಾಗ ನೀ ಎಲ್ಲೆರ ಎದುರು ಬಂದ್ರ ಸುಮ್ಮನ ನಿನ್ನ ದಾರಿ ಹಿಡದು ಹೋಗು. ಅವ್ವಾ ಅಂತ ಮಾತ್ರ ಅನಬ್ಯಾಡ ತಾಯಿ. ನೀ ಅಂದ್ರ ನಾ ಓ ಅಂದುಬಿಡ್ತೇನಿ.