ನೀನು ಕಳುಹಿಸಿದ ಬೆಳಗು

ಕಾಪು
೧೧ ಸೆಪ್ಟೆಂಬರ್ ೨೦೨೫, ಗುರುವಾರ

ಪ್ರೀತಿಯ ಜಿತೂ,

ಹೇಗಿದ್ದೀ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ಹೊಟ್ಟೆಗೆ ಸರಿಯಾಗಿ ಕೊಡುತ್ತಾರಾ? ಬೆನ್ನುನೋವಿಗೆ ಮಾತ್ರೆ ಸಿಗುತ್ತದಾ? ಮಲಗಲಿಕ್ಕೆ ಚಾಪೆಯಾದರೂ ಉಂಟಾ? ಈ ಪತ್ರವನ್ನು ಶಿರ್ವದ ಟ್ರೆವರ್ ಕೈಯಲ್ಲಿ ಕಳುಹಿಸೋಣ ಎಂದಿದ್ದೆ. ಬಂದರಿನಲ್ಲಿ ಹಡಗು ಎಳೆಯುವ ನಿನ್ನ ಟಗ್ ಬೋಟಿನಲ್ಲೇ ಕೆಲಸ ಮಾಡುವವರಲ್ವಾ, ರಜೆ ಮುಗಿಸಿ ಶನಿವಾರ ಹೊರಡುತ್ತಾರೆ. "ಬೇಡ ಮೇಡಂ, ಜೈಲಿನಲ್ಲಿ ಕಾಗದ ಓದಿಸಿ ನೋಡ್ತಾರೆ. ಇದ್ದ ಕೇಸು ಸಾಲದಾ?" ಎಂದರು. ಹಾಗಾಗಿ ಇದು ನಿನ್ನ ಟ್ರಂಕಿನಲ್ಲಿ, ವಾಲಿಬಾಲ್ ಜೆರ್ಸಿಯ ಅಡಿಯಲ್ಲಿ ಇರುತ್ತದೆ. ನೀನು ಬಂದ ದಿನ ಓದು. ಆ ದಿನ ಯಾವುದೆಂದು ಐವತ್ತು ದಿನಗಳಿಂದ ಯಾರೂ ನಮಗೆ ಹೇಳಿಲ್ಲ.

ಅಮ್ಮನಿಗೆ ನಿನ್ನ ಹಡಗು ದೂರ ಹೋಗಿದೆ, ನೆಟ್‌ವರ್ಕ್ ಇಲ್ಲ ಎಂದಿದ್ದೇವೆ. ಮೊನ್ನೆ ಬೂತಾಯಿ ಮೀನಿನ ತಲೆ ತೆಗೆಯುತ್ತಾ, ಮುಖ ಎತ್ತದೆಯೇ ಕೇಳಿದರು: "ಟಗ್ ಬಂದರು ಬಿಟ್ಟು ಹೋಗುವುದಿಲ್ಲ ಅಂತ ಅವನೇ ಹೇಳಿದ್ದಲ್ವಾ?" ಅಪ್ಪನ ಬೋಟಿಗಾಗಿ ಆಯುಷ್ಯವಿಡೀ ದಡದಲ್ಲಿ ಕಾದವರಿಗೆ ಸುಳ್ಳು ಹೇಳಲು ಹೊರಟದ್ದು ನಮ್ಮ ದಡ್ಡತನ. ನಿನ್ನ ಧೃತಿ ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ. "ಅಪ್ಪ ಯಾವಾಗ ಬರ್ತಾರೆ" ಎಂದು ಕೇಳುವುದನ್ನು ನಿಲ್ಲಿಸಿದ್ದಾಳೆ. ಕೇಳುತ್ತಿದ್ದರೆ ಒಳ್ಳೆಯದಿತ್ತು.

ಎಲ್ಲ ಶುರುವಾದದ್ದು ನನ್ನ ಒಂದು ಆಸೆಯಿಂದ. ಕಾಪುವಿನಲ್ಲಿ ಹುಟ್ಟಿದ ನಾವು ಸೂರ್ಯ ಕಡಲಿಗೆ ಇಳಿಯುವುದನ್ನು ಮಾತ್ರ ಕಂಡವರು. ನಮಗೆ ಬೆಳಗಾಗುವುದು ತೆಂಗಿನ ಮರಗಳ ಹಿಂದಿನಿಂದ, ಹೆದ್ದಾರಿಯ ಕಡೆಯಿಂದ. ನಿನ್ನ ಆ ಪರದೇಶದ ಬಂದರಿನಲ್ಲಿ ಸೂರ್ಯ ನೀರಿನಿಂದಲೇ ಏಳುತ್ತಾನೆ ಎಂದು ನೀನು ಹೇಳಿದ ದಿನದಿಂದ ಅದು ನನ್ನ ತಲೆಯಲ್ಲಿ ಕುಳಿತಿತ್ತು. ಒಮ್ಮೆ ತೋರಿಸು ಎಂದು ಎಷ್ಟು ಕಾಡಿದೆ! ಕೊನೆಗೆ ನೀನು ಕಳುಹಿಸಿದೆ. ಕಿತ್ತಳೆ ಬಣ್ಣದ ಕೆಲಸದ ಉಡುಪಿನಲ್ಲಿ ನೀನು, ಹಿಂದೆ ಕೆಂಪು ನೀರು, ಅದರಾಚೆ ಬೂದು ಬಣ್ಣದ ಒಂದು ಮೋಡ. ಜೊತೆಗೆ ನಿನ್ನ ಧ್ವನಿ: "ಅಕ್ಕಾ, ಇದು ನಿನಗೆ ಮಾತ್ರ ಮಾರಾಯ್ತಿ. ಎಲ್ಲಿಯೂ ಹಾಕ್ಲಿಕ್ಕಿಲ್ಲ. ಇಲ್ಲಿ ಫೋಟೋ ತೆಗೆಯುವುದೇ ತಪ್ಪು."

ನಾನು ಅದಕ್ಕೆ ನಾಲ್ಕು ಸಾಲಿನ ಕವಿತೆ ಬರೆದು, ನಿನ್ನ ಹೆಸರನ್ನೂ ಸೇರಿಸಿ ಫೇಸ್‌ಬುಕ್ಕಿಗೆ ಹಾಕಿದೆ. ಮರುದಿನ ಮೀನಿನ ಸುಂದರಿಯಕ್ಕ, "ಟೀಚರ್, ನಿಮ್ಮ ತಮ್ಮ ಎಂತ ಹೀರೋವಾ? ಎಲ್ಲರ ಮೊಬೈಲಿನಲ್ಲೂ ಅವನೇ!" ಎಂದು ನಗಾಡಿದಾಗ ಉಬ್ಬಿಹೋದೆ. ಕರಾವಳಿಯವರ ಯಾವುದೋ ಪೇಜಿನವರು ಅದನ್ನು ಎತ್ತಿ ಹಾಕಿದ್ದರು. ಕಾರ್ಕಳದ ಕಡೆಯವರೊಬ್ಬರು ಕೆಳಗೆ ಬಂದರಿನ ಹೆಸರು ಬರೆದರು, ಅಭಿಮಾನದಿಂದಲೇ. ಇನ್ನೊಬ್ಬರು ನಿನ್ನ ಕಂಪೆನಿಯನ್ನು ಟ್ಯಾಗ್ ಮಾಡಿದರು, ಅದೂ ಅಭಿಮಾನದಿಂದಲೇ. ನಾಲ್ಕನೆಯ ದಿನ ಅಲ್ಲಿಯ ಪೊಲೀಸರು ನಿನ್ನನ್ನು ಕರೆದುಕೊಂಡು ಹೋದರು. ನಾನು ಮೋಡ ಎಂದುಕೊಂಡದ್ದು ನೌಕಾಪಡೆಯ ಹಡಗಂತೆ. 'ಕಡಲ ಮೇಲೆ ಕಣ್ಣಿಟ್ಟು ಕುಳಿತ ಮೋಡ' ಎಂದು ಬರೆದಿದ್ದೆ. ಆ ಸಾಲನ್ನು ಅವರು ಭಾಷಾಂತರ ಮಾಡಿಸಿ ಕಡತಕ್ಕೆ ಸೇರಿಸಿದ್ದಾರಂತೆ. ಮೂವತ್ತು ವರ್ಷ ಕವಿತೆ ಬರೆದವಳ ಒಂದು ಸಾಲನ್ನು ಮೊದಲ ಬಾರಿಗೆ ಯಾರೋ ಗಮನವಿಟ್ಟು ಓದಿದರು.

ಸುದ್ದಿ ತಿಳಿದ ಕೂಡಲೇ ಅಳಿಸಿದೆ. ಅಳಿಸಿದ್ದು ನನ್ನ ಗೋಡೆಯಿಂದ ಮಾತ್ರ. ಹಂಚಿದವರಿಗೆಲ್ಲ ಕೈಮುಗಿದು ಬರೆದೆ. ಕೆಲವರು ತೆಗೆದರು, ಕೆಲವರು ಯಾಕೆ ಎಂದು ಕೇಳಿದರು, ಉಳಿದವರು ನೋಡಲೇ ಇಲ್ಲ. ನೀನು ಅಲ್ಲಿ ಒಳಗಿದ್ದೀ, ನಿನ್ನ ನಗು ಇಲ್ಲಿ ಈಗಲೂ ಊರು ಸುತ್ತುತ್ತಿದೆ.

ಶ್ರೇಯಾ ನನಗೆ ಒಂದು ಮಾತೂ ಬೈದಿಲ್ಲ. "ಅಕ್ಕನಿಗೆ ಮೊಬೈಲಿನ ಸೆಟ್ಟಿಂಗ್ ತಿಳಿಯುವುದಿಲ್ಲ, ಮನೆಯವರಿಗೆ ಮಾತ್ರ ಕಾಣುತ್ತದೆ ಅಂದುಕೊಂಡಿದ್ದಳು" ಎಂದು ನೀನು ಹೇಳಿಕೆ ಕೊಟ್ಟಿದ್ದೀಯಲ್ಲ, ನಿನ್ನ ಹೆಂಡತಿ ಅದನ್ನೇ ನಂಬಿದ್ದಾಳೆ. ಬಂದವರಿಗೆಲ್ಲ "ಪಾಪ, ಅಕ್ಕನಿಗೆ ಗೊತ್ತಾಗಲಿಲ್ಲ" ಎನ್ನುತ್ತಾ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಬಡಿಸುತ್ತಾಳೆ. ಆ ಹೇಳಿಕೆಯೊಂದೇ ನಿನಗೆ ಆಧಾರ, ಅದಕ್ಕೆ ವಿರುದ್ಧವಾಗಿ ಮನೆಯಲ್ಲಿಯೂ ಯಾರೂ ಮಾತಾಡಬಾರದು ಎಂದು ವಕೀಲರು ಹೇಳಿದ್ದಾರೆ. ನಾನು ಗಂಜಿ ಕುಡಿಯುತ್ತೇನೆ.

ದೇವರು ನಿನ್ನನ್ನು ಕಾಯಲಿ ಎಂದು ಅಮ್ಮ ದಿನಾ ದೀಪ ಹಚ್ಚುವಾಗ ಹೇಳುತ್ತಾರೆ. ಅದನ್ನೇ ಇಲ್ಲಿ ಬರೆಯುತ್ತೇನೆ. ನನ್ನದೆಂದು ಹರಸಲು ಧೈರ್ಯವಿಲ್ಲ.

ನಿನ್ನ ಅಕ್ಕ,
ಪ್ರಫುಲ್ಲಾ

ವಿ.ಸೂ.: ಶ್ರೇಯಾ ಗೇಟು ತೆಗೆದ ಸದ್ದಾಯಿತು, ಬೇಗ ಬರೆಯುತ್ತೇನೆ. ನೀನು ಹೇಳಿದ್ದು ನಿಜವಲ್ಲ. ಮೊದಲು ಸ್ನೇಹಿತರಿಗೆ ಮಾತ್ರ ಕಾಣುವ ಹಾಗೆಯೇ ಹಾಕಿದ್ದೆ. ಸಂಜೆಯವರೆಗೆ ಹದಿನಾಲ್ಕು ಲೈಕ್ ಬಂದಿತ್ತು. ಚಹಾ ಕುಡಿದು, ನಿನ್ನ ಧ್ವನಿಯನ್ನು ಇನ್ನೊಮ್ಮೆ ಕೇಳಿ, ಆಮೇಲೆ ನಾನೇ ಎಲ್ಲರಿಗೂ ಕಾಣುವಂತೆ ಬದಲಾಯಿಸಿದೆ. ಆ ಸಂಜೆ ನನಗೆ ತುಂಬ ಖುಷಿಯಾಗಿತ್ತು, ಜಿತೂ.