ಹಾಲಮ್ಮಜ್ಜಿಯ ದೂರಿಗೆ ಶುಲ್ಕವಿಲ್ಲ

ಹರಿಹರ
ಹದಿಮೂರನೇ ತಿಂಗಳ ನಾಲ್ಕನೇ ದಿನ, 2179

ಹಾಲಮ್ಮಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಇಬ್ಬನಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ಓದಿ, ಯಾರೋ ತಮಾಷೆ ಮಾಡಿದ್ದಾರೆ ಎಂದು ಕಾಗದವನ್ನು ಒಲೆಗೆ ಹಾಕಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ. ಹಾಗಾಗಿ ವರ್ಷದ ಕೊನೆಗೆ ಇನ್ನೊಂದು ತಿಂಗಳು ಮಿಗುತ್ತದೆ. ಅದನ್ನು ಉಳಿಕೆ ತಿಂಗಳು ಎನ್ನುತ್ತೇವೆ, ಬಾಕಿ ಬಿದ್ದ ಕೆಲಸಗಳನ್ನೆಲ್ಲ ಜನ ಆಗಲೇ ಮುಗಿಸಿಕೊಳ್ಳುವುದು. ನನ್ನ ಬಾಕಿ ಕೆಲಸ ನೀವು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ಒಂದು ನೋಟ್‌ಬುಕ್ಕಿನಿಂದ. ಎಲ್ಲಾದರೂ ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನೊಂದು ಇರುಸುಮುರುಸು ಇದೆ. ನನಗೀಗ ಅರವತ್ತೊಂದು. ಈ ಕಾಗದ ಕೈಗೆ ಬರುವ ದಿನ ನಿಮಗೆ ಮೂವತ್ತೆಂಟು, ನನ್ನ ಮಗಳಿಗಿಂತ ಒಂದೇ ವರ್ಷ ದೊಡ್ಡವರು. ನಿಮ್ಮನ್ನು ಅಜ್ಜಿ ಎಂದು ಕೈಮುಗಿಯಬೇಕೋ, ಏ ಹುಡುಗಿ ಎಂದು ಕಿವಿ ಹಿಂಡಬೇಕೋ ತಿಳಿಯದೆ, ಎರಡನ್ನೂ ಮಾಡೋಣ ಎಂದು ಕೂತಿದ್ದೇನೆ.

ಈ ಕಾಗದ ನಿಮಗೆ ಬರುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಹೇಗೆ ಹೋಗುತ್ತದೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ, ಡಬ್ಬಕ್ಕೆ ಹಾಕುವುದಷ್ಟೇ ನನ್ನ ಕೆಲಸ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಈಗಿನಿಂದ ನೂರು ವರ್ಷಕ್ಕಿಂತ ಈಚಿನ ಕಾಲದವರಿಗೆ ಕಳಿಸುವಂತಿಲ್ಲ. ಬರೆದದ್ದನ್ನೆಲ್ಲ ಮೊದಲು ಜರಡಿಯವರು ಓದುತ್ತಾರೆ. ಜರಡಿಯವರೆಂದರೆ ಹೇಳಬಾರದ್ದನ್ನು ಸೋಸಿ ತೆಗೆಯುವ ಸಿಬ್ಬಂದಿ, ಮುಖದಲ್ಲಿ ನಗು ಅನ್ನುವುದೇ ಇಲ್ಲ. ಅವರದು ಒಂದೇ ನಿಯಮ. ನಿಮ್ಮ ಕಾಲದಲ್ಲಿ ನೀವೇ ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದಾದ ಸಂಗತಿಯನ್ನು ಮಾತ್ರ ಬರೆಯಬಹುದು. ನಿಮ್ಮ ಮಗಳು ಮುಂದೆ ಏನು ಓದುತ್ತಾಳೆ ಎಂದು ಬರೆದೆ, ಕತ್ತರಿಸಿದರು. ಹೊಳೆ ಯಾವ ವರ್ಷ ಎಲ್ಲಿಯವರೆಗೆ ಏರುತ್ತದೆ ಎಂದು ಬರೆದೆ, ಅದನ್ನೂ ಕತ್ತರಿಸಿದರು. ನಾಲ್ಕು ಸಲ ಕಾಗದ ತೂತು ತೂತಾಗಿ ವಾಪಸು ಬಂತು. ಕೊನೆಗೆ ಕತ್ತರಿಗೆ ಸಿಗದೆ ಉಳಿದದ್ದು ಒಂದೇ ವಿಷಯ: ಗ್ರಾಹಕರ ಆಯೋಗದಲ್ಲಿ ದೂರು ಕೊಡಲು ಎಷ್ಟು ಶುಲ್ಕ ಎನ್ನುವುದು. ಅದು ನಿಮ್ಮ ಕಾಲದ ನಿಯಮಗಳಲ್ಲೇ ಅಚ್ಚಾಗಿದೆ. ಅಯ್ಯೋ ನನ್ನಜ್ಜಿ, ನೀವು ಕೇಳಿದ್ದೇನೋ ಕೇಳಿದಿರಿ, ಸರಿಯಾದವರನ್ನು ಕೇಳಲಿಲ್ಲ.

ಶುಲ್ಕದ ವಿಷಯ ನನಗೆ ಗೊತ್ತು, ಯಾಕೆಂದರೆ ನಲವತ್ತು ವರ್ಷ ದೂರುಕಟ್ಟೆಯಲ್ಲಿ ಕೆಲಸ ಮಾಡಿದ್ದೇನೆ. ದೂರುಕಟ್ಟೆ ಎಂದರೆ ನಿಮ್ಮ ಗ್ರಾಹಕರ ಆಯೋಗದ ದೂರದ ಸಂಬಂಧಿ ಎಂದುಕೊಳ್ಳಿ. ಕೊಂಡ ವಸ್ತು ಕೈಕೊಟ್ಟರೆ ಜನ ನಮ್ಮಲ್ಲಿಗೆ ಬರುತ್ತಾರೆ. ನಮ್ಮಲ್ಲಿ ದುಡ್ಡಿನ ಶುಲ್ಕ ಇಲ್ಲ, ಕಿವಿಶುಲ್ಕ ಇದೆ. ನಿಮ್ಮ ದೂರು ಬರೆಸುವ ಮೊದಲು ಇನ್ಯಾರದೋ ದೂರನ್ನು ಒಂದು ಗಂಟೆ ಕೂತು ಕೇಳಬೇಕು. ನಡುವೆ ಬಾಯಿ ಹಾಕುವಂತಿಲ್ಲ, ತೂಕಡಿಸುವಂತಿಲ್ಲ. ಒಮ್ಮೆ ಹಾರುಗಾಡಿ ಕಂಪನಿಯ ಯಜಮಾನನೊಬ್ಬ ತನ್ನ ಮನೆಯ ನಲ್ಲಿ ಸೋರುತ್ತದೆ ಎಂದು ಬಂದ. ಅವನ ಪಾಲಿಗೆ ಬಂದದ್ದು ಅವನದೇ ಹಾರುಗಾಡಿಯಿಂದ ಸೊಂಟ ಉಳುಕಿಸಿಕೊಂಡ ಹೆಂಗಸು. ಅವನು ಯಾರೆಂದು ಪಾಪ ಆಕೆಗೆ ಗೊತ್ತಿಲ್ಲ, ಅವನ ವಂಶವನ್ನೆಲ್ಲ ಜಾಲಾಡಿಸಿಬಿಟ್ಟಳು. ಅವನು ಬೆವರು ಒರೆಸಿಕೊಳ್ಳುತ್ತಾ ಪೂರ್ತಿ ಕೇಳಿದ. ಇನ್ನು ಕೊಡೆಹಕ್ಕಿ ಎಂದೊಂದು ಇದೆ, ಕೈಯಲ್ಲಿ ಹಿಡಿಯಬೇಕಿಲ್ಲ, ತಲೆಯ ಮೇಲೆ ತಾನೇ ಹಾರಿಕೊಂಡು ಬರುವ ಕೊಡೆ. ಒಬ್ಬರ ಕೊಡೆ ದಿನಾ ಪಕ್ಕದ ಬೀದಿಯ ಟೀಚರಮ್ಮನ ತಲೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಕೊಡೆಯದು ದೋಷ, ಆದರೆ ಅವರ ಹೆಂಡತಿ ನಂಬಬೇಕಲ್ಲ! ಬೀಗರ ಎದುರು 'ಸಾಕು, ತಿನ್ನೋದು ನಿಲ್ಲಿಸಿ' ಎಂದು ಕೂಗಿ ಮಾನ ಕಳೆದ ಊಟದ ತಟ್ಟೆಯ ಮೇಲೂ ದೂರು ಬಂದಿತ್ತು. ಇಂಥವನ್ನೆಲ್ಲ ಕೇಳಿ ಕೇಳಿ ನನ್ನ ಕಿವಿ ಹಣ್ಣಾಗಿದೆ. ಹೇಳಿಕೊಳ್ಳಲು ಬಂದವರ ದನಿ ಎಲ್ಲಿ ಇಳಿಯುತ್ತದೆ, ಏನನ್ನು ನುಂಗುತ್ತಾರೆ ಎಂಬುದು ನನಗೆ ಕೂತಲ್ಲೇ ತಿಳಿಯುತ್ತದೆ.

ಈಗ ನಿಮ್ಮ ನೋಟ್‌ಬುಕ್ಕಿನ ಮಾತು. ಇನ್ನೂರು ಪುಟದ ಗೆರೆಪುಸ್ತಕ, ಮೇಲೆ ನಿಮ್ಮ ಮಗಳ ಹೆಸರು, ಎಂಟನೇ ಕ್ಲಾಸು. ಮೊದಲ ಪುಟಗಳಲ್ಲಿ ಶಾವಿಗೆಯ ಆರ್ಡರುಗಳು: ಯಾರ ಮನೆಗೆ ಎಷ್ಟು ಕಿಲೋ, ಗೋದಿಯದೋ ರಾಗಿಯದೋ, ಯಾವ ಮದುವೆಗೆ. ಅದನ್ನೇ ಓದುತ್ತಾ ನನಗೆ ನಿಮ್ಮ ಮೇಲೆ ಮೋಹ ಹುಟ್ಟಿದ್ದು. ಒಂದು ಕಡೆ ಬರೆದಿದ್ದೀರಿ, 'ಇವರಿಗೆ ಸಣ್ಣ ಎಳೆ ಬೇಕಂತೆ, ಹಲ್ಲಿಲ್ಲದ ಮಾವ ಇದ್ದಾರೆ.' ನಮ್ಮ ಕಾಲದಲ್ಲೂ ಶಾವಿಗೆ ಇದೆ, ಡಬ್ಬಿಯ ಗುಂಡಿ ಒತ್ತಿದರೆ ಬರುತ್ತದೆ. ಹಲ್ಲಿಲ್ಲದ ಮಾವನನ್ನು ನೆನೆದು ಎಳೆ ತೆಗೆಯುವವರು ಮಾತ್ರ ಯಾರೂ ಇಲ್ಲ.

ಆರ್ಡರುಗಳು ಮುಗಿದ ಮೇಲಿನ ಏಳು ಪುಟಗಳಲ್ಲಿ ನಿಮ್ಮ ದೂರು ಇದೆ. ಏಳು ಸಲ ಬರೆದಿದ್ದೀರಿ. ಒಂದು ಲಕ್ಷದ ನಲವತ್ತೆರಡು ಸಾವಿರ ಕೊಟ್ಟು ಶಾವಿಗೆ ಮೆಷಿನ್ನು ತಂದಿರಿ. ಹತ್ತೊಂಬತ್ತನೇ ದಿನ, ಮಾರ್ಚ್ ಮೂರಕ್ಕೆ, ಮೋಟಾರು ಹೊಗೆಯಾಡಿ ಸುಟ್ಟಿತು. ಪ್ಲಗ್ಗು ಕೀಳಲು ಹೋಗಿ ನಿಮ್ಮ ಬಲಗೈಯ ಎರಡು ಬೆರಳು ಬೆಂದವು. ಅಂಗಡಿಯವನು ಕಂಪನಿಯನ್ನು ಕೇಳಿ ಎಂದ, ಕಂಪನಿಯವರು ಅಂಗಡಿಯವನನ್ನು ಕೇಳಿ ಎಂದರು. ಅಷ್ಟಾದರೆ ತಡೆದುಕೊಳ್ಳುತ್ತಿದ್ದಿರೇನೋ. ಆ ಅಂಗಡಿಯವನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದ, 'ಮೆಷಿನ್ನಿಗೆ ಏನೂ ಆಗಿಲ್ಲ, ಆಯಮ್ಮ ಹಿಟ್ಟು ನೀರು ನೀರು ಕಲಸಿದಾಳೆ' ಅಂತ. ಇಪ್ಪತ್ತು ವರ್ಷ ಶಾವಿಗೆ ಮಾಡಿದವಳಿಗೆ ಹಿಟ್ಟು ಕಲಸೋಕೆ ಬರೋದಿಲ್ಲ ಅಂದನಲ್ಲ, ಅವನ ನಾಲಿಗೆ ಸೇದಿಹೋಗ! ಆ ಬೇಸಿಗೆಯ ಆರ್ಡರುಗಳು ಒಂದೊಂದಾಗಿ ಬೇರೆ ಮನೆಗಳಿಗೆ ಹೋದವು.

ಆ ಏಳರಲ್ಲಿ ಮೊದಲ ಪುಟದಲ್ಲಿ ನೀವು ಎಲ್ಲವನ್ನೂ ಕೇಳಿದ್ದೀರಿ. ಮೆಷಿನ್ನಿನ ದುಡ್ಡು, ಬೆರಳಿನ ಔಷಧಿಯ ಖರ್ಚು, ಹೋದ ಬೇಸಿಗೆಯ ನಷ್ಟ, ಪಟ್ಟ ಸಂಕಟಕ್ಕೆ ಪರಿಹಾರ, ಒಟ್ಟು ಆರು ಲಕ್ಷದ ಹತ್ತಿರ. ಅಕ್ಷರ ಎಷ್ಟು ದಪ್ಪ, ಎಷ್ಟು ನೇರ! ಎರಡನೇ ಪುಟದ ಅಂಚಿನಲ್ಲಿ ಒಂದು ಟಿಪ್ಪಣಿ ಇದೆ. ಟೈಪಿಂಗ್ ಅಂಗಡಿಯ ಮುಂದೆ ಯಾರೋ ಒಬ್ಬರು ನಿಮಗೆ ಹೇಳಿದರಂತೆ, ಕೇಳಿದ ಹಣಕ್ಕೆ ತಕ್ಕ ಹಾಗೆ ಶುಲ್ಕ ಬೀಳುತ್ತದೆ, ನೂರಕ್ಕೆ ಇಷ್ಟು ಅಂತ, ಹೆಚ್ಚು ಕೇಳಿದರೆ ಹೆಚ್ಚು ಕಟ್ಟಬೇಕು ಅಂತ. ಅವರು ಬೇರೆ ಕೋರ್ಟಿನ ದಾವೆಯ ಶುಲ್ಕವನ್ನು ಇದಕ್ಕೆ ತಗಲಿಸಿದ್ದಾರೆ. ನೀವು ಅದನ್ನು ನಂಬಿ, ಶುಲ್ಕ ಇಳಿಸಲು ನಿಮ್ಮ ಬೇಡಿಕೆಯನ್ನೇ ಇಳಿಸುತ್ತಾ ಹೋದಿರಿ. ಎರಡನೇ ಪುಟದಲ್ಲಿ ಸಂಕಟ ಹೋಯಿತು. ಮೂರನೆಯದರಲ್ಲಿ ಬೆರಳು ಹೋಯಿತು, ಪಕ್ಕದಲ್ಲಿ 'ಈಗ ವಾಸಿ' ಎಂದು ಬರೆದಿದ್ದೀರಿ. ನಾಲ್ಕನೆಯದರಲ್ಲಿ ಬೇಸಿಗೆ ಹೋಯಿತು. ಐದರಲ್ಲಿ ಮೆಷಿನ್ನಿನ ಅರ್ಧ ದುಡ್ಡು ಸಾಕು, ಆರರಲ್ಲಿ ರಿಪೇರಿ ಮಾಡಿಕೊಟ್ಟರೆ ಸಾಕು. ಏಳನೇ ಪುಟದಲ್ಲಿ ಒಂದೇ ಸಾಲು: 'ನನ್ನ ಹಿಟ್ಟು ಸರಿ ಇತ್ತು ಎಂದು ಅವರು ಒಪ್ಪಿದರೆ ಸಾಕು, ದಯವಿಟ್ಟು.' ಅಲ್ಲಿಂದ ಮುಂದೆ ಪುಸ್ತಕ ಖಾಲಿ.

ಆ ದಯವಿಟ್ಟು ಓದಿ ನಾನು ಅತ್ತೆ. ಆಮೇಲೆ ಸಿಟ್ಟು ಬಂತು. ಅಲ್ಲಾ ಅಜ್ಜಿ, ಬೆಂದದ್ದು ನಿನ್ನ ಬೆರಳು, ಹೋದದ್ದು ನಿನ್ನ ಹೆಸರು, ದಯವಿಟ್ಟು ಅನ್ನಬೇಕಾದವಳು ನೀನಾ? ನೋಡು, ಸಿಟ್ಟು ಬಂದರೆ ಬಹುವಚನ ತಾನೇ ಬಿಟ್ಟುಹೋಗುತ್ತದೆ. ಇನ್ನು ನೀನು ಅಂತಲೇ ಬರೀತೀನಿ, ಬೇಜಾರಾಗಬೇಡ.

ಸರಿಯಾಗಿ ಕೇಳಿಸಿಕೋ. ಶುಲ್ಕ ನೀನು ಕೇಳುವ ಪರಿಹಾರದ ಮೇಲೆ ಅಲ್ಲ, ವಸ್ತುವಿಗೆ ನೀನು ಕೊಟ್ಟ ದುಡ್ಡಿನ ಮೇಲೆ. ಐದು ಲಕ್ಷದವರೆಗೆ ಕೊಟ್ಟು ಕೊಂಡಿದ್ದರೆ ಶುಲ್ಕವೇ ಇಲ್ಲ. ಐದರಿಂದ ಹತ್ತು ಲಕ್ಷ ಕೊಟ್ಟವರಿಗೆ ಇನ್ನೂರು ರೂಪಾಯಿ, ಇಪ್ಪತ್ತರವರೆಗೆ ನಾನೂರು, ಐವತ್ತರವರೆಗೆ ಸಾವಿರ. ಅದರಾಚೆಯದು ಜಿಲ್ಲಾ ಆಯೋಗಕ್ಕೆ ಬರುವುದಿಲ್ಲ, ನಿನಗೆ ಬೇಕಾಗಿಯೂ ಇಲ್ಲ. ನೀನು ಕೊಟ್ಟದ್ದು ಒಂದು ಲಕ್ಷ ನಲವತ್ತೆರಡು ಸಾವಿರ. ಆರು ಲಕ್ಷ ಕೇಳಿದರೂ, ಏಳನೇ ಪುಟದ ಆ ಒಂದು ಸಾಲನ್ನೇ ಕೇಳಿದರೂ, ನಿನ್ನ ಶುಲ್ಕ ಸೊನ್ನೆ. ನೀನು ಅಷ್ಟೆಲ್ಲ ಹೊಡೆದುಹಾಕಿದ್ದು ಇಲ್ಲದ ಶುಲ್ಕಕ್ಕೆ ಹೆದರಿ ಕಣೇ.

ಮೆಷಿನ್ನು ವ್ಯಾಪಾರಕ್ಕೆ ತಂದದ್ದು, ಹಾಗಾಗಿ ನೀನು ಗ್ರಾಹಕಳೇ ಅಲ್ಲ ಎಂದು ಅವರ ಕಡೆಯವರು ವಾದ ಹೂಡಬಹುದು. ಹೆದರಬೇಡ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರು ಗ್ರಾಹಕರೇ ಎಂದು ಕಾಯ್ದೆಯಲ್ಲಿದೆ. ಅದನ್ನು ದೂರಿನಲ್ಲಿ ಒಂದು ಸಾಲು ಬರೆ. ವಕೀಲರನ್ನು ಇಡಲೇಬೇಕೆಂದಿಲ್ಲ, ನಿನ್ನ ಮಾತು ನೀನೇ ಆಡಬಹುದು. ಅಂಗಡಿ ಎಲ್ಲೇ ಇರಲಿ, ನೀನಿರುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ರಸೀದಿ, ವಾರಂಟಿ ಕಾರ್ಡು, ಆಸ್ಪತ್ರೆಯ ಚೀಟಿ ಎಲ್ಲದರ ನಕಲು ಇಡು, ಪ್ರಮಾಣಪತ್ರ, ಅಂದರೆ ಅಫಿಡವಿಟ್ಟು, ಹೇಗಿರಬೇಕು ಎಂದು ಅಲ್ಲಿಯ ಕಚೇರಿಯಲ್ಲೇ ಕೇಳು. ಒಂದು ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಮೋಟಾರು ಸುಟ್ಟ ದಿನದಿಂದ ದೂರಿಗೆ ಎರಡು ವರ್ಷದ ಗಡುವು ಇದೆ. ಈ ಕಾಗದ ನಿನಗೆ ಸಿಗುವುದು ಫೆಬ್ರವರಿ ಇಪ್ಪತ್ತು, ಶುಕ್ರವಾರ. ಗಡುವು ಮುಗಿಯುವುದು ಮಾರ್ಚ್ ಮೂರು, ಮಂಗಳವಾರ. ಮಧ್ಯೆ ಇರುವುದು ಹನ್ನೊಂದು ದಿನ. ತಡವಾದರೆ ಕಾರಣ ಕೊಟ್ಟು ಬೇಡಿಕೊಳ್ಳುವ ದಾರಿಯೂ ಇದೆ, ಆದರೆ ಬೇಡುವುದರಲ್ಲಿ ನೀನು ಮೊದಲೇ ಹುಷಾರು, ಅದಕ್ಕೆ ಅವಕಾಶ ಕೊಡುವುದು ಬೇಡ.

ಒಂದೇ ಒಂದು ಕಾಗದವನ್ನು ಇವಳು ನನಗೇ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಹೇಳುತ್ತೇನೆ. ನನ್ನಮ್ಮನಿಗೆ ಹೊಟ್ಟೆಯಲ್ಲಿ ನೋವಿತ್ತು. ಹನ್ನೊಂದು ತಿಂಗಳು ವೈದ್ಯರೆದುರು ಕೂತು 'ಅಷ್ಟೇನೂ ಇಲ್ಲ, ಸ್ವಲ್ಪ' ಎನ್ನುತ್ತಾ ಬಂದಳು. ಸ್ವಲ್ಪಕ್ಕೆ ಕೊಡುವ ಔಷಧಿಯನ್ನೇ ಅವರು ಕೊಟ್ಟರು. ಪೂರ್ತಿ ನೋವು ಹೇಳಿದ ದಿನ ಕಾಲ ಮೀರಿತ್ತು. ಅಮ್ಮನಿಗೇ ಬರೆಯೋಣವೆಂದರೆ ನೂರು ವರ್ಷದ ನಿಯಮ ಅಡ್ಡ. ಹೋದ ವರ್ಷ ಒಂದು ಹಬ್ಬದ ದಿನ ನನ್ನ ಮೊಮ್ಮಗಳು ಸೋನೆ, ಆರು ವರ್ಷದ ಕೂಸು, ಒಬ್ಬಟ್ಟಿನ ತಟ್ಟೆಯನ್ನೇ ನೋಡುತ್ತಾ 'ನಂಗೆ ಅರ್ಧ ಸಾಕು' ಅಂದಳು. ಯಾರೂ ಹೇಳಿಕೊಟ್ಟದ್ದಲ್ಲ. ಈ ಕಮ್ಮಿ ಕೇಳುವ ಚಾಳಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಎಲ್ಲಿಂದ ಬಂತು ಎಂದು ಹಳೆಯ ಪೆಟ್ಟಿಗೆಗಳನ್ನೆಲ್ಲ ತಡಕಿದೆ. ನಿನ್ನ ಏಳು ಪುಟ ಸಿಕ್ಕವು. ತಪ್ಪು ನಿನ್ನದೆಂದು ಹೇಳುತ್ತಿಲ್ಲ, ನನ್ನ ಬಂಗಾರ. ನಿನಗೂ ಯಾರೋ ಕಲಿಸಿದ್ದಾರೆ. ಆದರೆ ಕಾಗದ ಪತ್ರದಲ್ಲಿ ನನ್ನ ಕೈಗೆ ಸಿಕ್ಕವಳು ನೀನೇ ಮೊದಲು. ನಿನ್ನ ಮಗಳು ಅದೇ ಪುಸ್ತಕದ ಪಕ್ಕದಲ್ಲಿ ಕೂತು ಹೋಂವರ್ಕ್ ಮಾಡುತ್ತಾ ನೀನು ಗೀಟು ಎಳೆಯುವುದನ್ನು ನೋಡುತ್ತಿದ್ದಾಳೆ.

ನೀನು ಗೆಲ್ಲುತ್ತೀಯೋ ಇಲ್ಲವೋ ಹೇಳಲು ಜರಡಿಯವರು ಬಿಡುವುದಿಲ್ಲ, ನನಗೆ ಗೊತ್ತೂ ಇಲ್ಲ. ನೀನು ದೂರು ಕೊಟ್ಟು ಇಲ್ಲಿ ಏನಾದರೂ ಬದಲಾದರೆ ಅದೂ ನನಗೆ ತಿಳಿಯದಂತೆ, ಮೊದಲಿಂದಲೂ ಹೀಗೇ ಇತ್ತು ಎಂದುಕೊಂಡು ಇರುತ್ತೇನಂತೆ. ಇರಲಿ ಬಿಡು. ಸೋಮವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು, ಹಾಗೇ ಬಸ್ಸು ಹತ್ತು. ಕೈಯಲ್ಲಿ ಮೊದಲನೇ ಪುಟದ ದೂರು ಇರಲಿ, ಸಂಕಟ, ಬೆರಳು, ಬೇಸಿಗೆ ಎಲ್ಲ ಅದರಲ್ಲಿರಲಿ. ಅವರು ಕಮ್ಮಿ ಕೊಡಬಹುದು, ಏನೂ ಕೊಡದೆಯೂ ಇರಬಹುದು. ಸೋತರೂ ಪರವಾಗಿಲ್ಲ ಕಣೇ, ಪೂರ್ತಿ ಕೇಳಿ ಸೋಲು.

ನಿನ್ನವಳು,
ಇಬ್ಬನಿ