ಜೇಬು ಬೇಡ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಗುಬ್ಬಿಗೆ,

ಅಮ್ಮನ ಪ್ರೀತಿ. ಫೋನಿನಲ್ಲಿ ಹೇಳಿದರೆ ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ. ನನಗೆ ಮರೆವಿನ ಕಾಯಿಲೆ ಇಲ್ಲ. ಈಗ ಕಣ್ಣೊರೆಸಿಕೊಂಡು ಮುಂದಕ್ಕೆ ಓದು.

ಸಮವಸ್ತ್ರದ ರಾದ್ಧಾಂತ ನಿನಗೆ ಗೊತ್ತೇ ಇದೆ. ಶಾಲೆಯ ಹಾಡಿನ ತಂಡದ ಅಂಗಿಗಳಿಗೆ ಜೇಬು ಬೇಡ ಎಂದು ಹೆಡ್ ಮೇಡಂ ನನ್ನ ಹೊಲಿಗೆ ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿಹೋಗಿದ್ದರಂತೆ. ನಾನು ಮಿಷನ್ನಿನ ಮೇಲೆ ಬಗ್ಗಿದ್ದವಳು ತಲೆಯಾಡಿಸಿದ್ದೆನಂತೆ. ಆದರೂ ಎಲ್ಲ ಅಂಗಿಗೂ ಜೇಬಿಟ್ಟು, ಇಸ್ತ್ರಿ ಮಾಡಿ ಕೊಟ್ಟೆ. ಇಷ್ಟು ಬೇಗ ಮರೆತ್ರಾ ಎಂದು ಅವರು ಕೇಳಿದಾಗ ನನ್ನಮ್ಮ ನೆನಪಾದಳು. ನಿಮ್ಮಜ್ಜಿಗೂ ಹೀಗೇ ಶುರುವಾಗಿತ್ತು. ಕೊನೆಕೊನೆಗೆ ಊಟ ಮಾಡಿಸುತ್ತಿದ್ದ ನನ್ನನ್ನೇ, ನೀವು ಯಾರ ಮನೆಯವರು ತಾಯಿ ಎಂದು ಕೇಳಿದ್ದಳು.

ಅಂಗಡಿ ಮುಚ್ಚಿಬಿಡಮ್ಮ ಎಂದು ನೀನೂ ಅಂದೆ. ಆಮೇಲೆ ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪನ ಕೈಗೆ ದಾಟಿಸಿದ್ದು ಸಿಟ್ಟಿಗಲ್ಲ ಕಣೇ. ನಿನ್ನ ಮಾತು ಅರ್ಧ ತಲೆಗೇ ಹೋಗುತ್ತಿರಲಿಲ್ಲ. ಅದು ನಿನಗೆ ತಿಳಿದುಬಿಟ್ಟರೆ ಎಂದು ಹೆದರಿಕೆ.

ನಿಮ್ಮಪ್ಪನೇ ಹಟ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ನಿನ್ನ ವಯಸ್ಸಿನ ಹುಡುಗಿ. ಗಡಿಯಾರದ ಚಿತ್ರ ಬರೆಸಿದಳು. ದುಂಡಗೆ ಗೆರೆ ಎಳೆಯುವುದರಲ್ಲಿ ನನ್ನನ್ನು ಸೋಲಿಸುವವರು ಯಾರಿದ್ದಾರೆ ಹೇಳು. ಆಮೇಲೆ ಕೆಲವು ಪದ ಓದಿ, ತಿರುಗಿ ಹೇಳಿ ಅಂದಳು. ಅಲ್ಲಿ ಎಡವಿದೆ. ನಿಮ್ಮಪ್ಪನ ಮುಖ ಇಳಿದುಹೋಯಿತು. ಆ ಹುಡುಗಿ ಮಾತ್ರ ಬೇರೆ ಪದಗಳನ್ನು ಚೀಟಿಯಲ್ಲಿ ಬರೆದು ತೋರಿಸಿ, ಮಡಚಿಟ್ಟು, ಜೇಬಿನ ಕಥೆ ಕೇಳುತ್ತಾ ಅದೂ ಇದೂ ಹರಟಿದಳು. ಕೇಳಿದಾಗ ಒಂದೂ ಬಿಡದೆ ಒಪ್ಪಿಸಿದೆ. ಕಡೆಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಏನೋ ಅಂದಳು. ಜೇಬು ಬೇಕು ಅಂದ್ರಿ ಅಂದೆ. ಅವಳು ಅಂದದ್ದು ಜೇಬು ಬೇಡ.

ನಿಮಗೆ ಮರೀತಿಲ್ಲಮ್ಮ, ಕೇಳಿಸ್ತಿಲ್ಲ ಅಂದಳು. ಎಷ್ಟೋ ಕಾಲದಿಂದ ಜನರ ತುಟಿ ನೋಡಿ, ಬಿಟ್ಟುಹೋದ ಮಾತನ್ನು ನಾನೇ ತೇಪೆ ಹಾಕಿಕೊಳ್ಳುತ್ತಿದ್ದೆನಂತೆ. ನನಗೆ ನಗು ಬಂತು, ನಗುತ್ತಲೇ ಅತ್ತೆ. ನಿಮ್ಮಪ್ಪ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅವರೂ ಅತ್ತರು ಎಂದು ನಾನು ಹೇಳಿದೆನೆಂದು ಹೇಳಬೇಡ.

ಅಮ್ಮನಿಗೆ ಬಂದದ್ದು ನನಗೂ ಬರುತ್ತದಾ ಎಂದು ಕೇಳಿಯೇಬಿಟ್ಟೆ. ಬರಲೇಬೇಕು ಅಂತೇನಿಲ್ಲ, ಬರಲ್ಲ ಅಂತ ಬರೆದುಕೊಡೋಕೂ ಆಗಲ್ಲ, ಆದರೆ ಅಪಾಯ ಕಡಿಮೆ ಮಾಡ್ಕೋಬಹುದು ಅಂದಳು. ಕಿವಿ ಮಂದವಾದರೆ ಮಿದುಳಿನ ಶಕ್ತಿಯೆಲ್ಲ ಮಾತು ಹಿಡಿಯುವುದರಲ್ಲೇ ಸವೆಯುತ್ತದಂತೆ, ಮನುಷ್ಯ ನಾಲ್ಕು ಜನರಿಂದಲೂ ದೂರ ಸರಿಯುತ್ತಾನಂತೆ. ಅದಕ್ಕೇ ಮೊದಲು ಕಿವಿಗೆ ಯಂತ್ರ ಹಾಕಿಸಿ ಅಂದಳು. ಬಿ.ಪಿ. ಮಾತ್ರೆ ತಪ್ಪಿಸಬಾರದು, ದಿನಾ ನಡೆಯಬೇಕು. ಅಂಗಡಿ ಮುಚ್ಚಲಾ ಎಂದದ್ದಕ್ಕೆ, ಖಂಡಿತ ಬೇಡ, ಜನ ಬರ್ತಾರೆ, ಮಾತಾಡ್ತಾರೆ, ಲೆಕ್ಕ ಹಾಕ್ತೀರಿ, ಅದೂ ಒಳ್ಳೇದೇ ಅಂದಳು. ಈ ಸಾಲನ್ನು ಇನ್ನೊಂದು ಸಲ ಓದಿಕೋ.

ಯಂತ್ರ ಬಂದು ವಾರವಾಯಿತು. ನಮ್ಮ ಬಚ್ಚಲಿನ ನಲ್ಲಿ ಸೋರುತ್ತದೆ, ನಿಮ್ಮಪ್ಪ ಟೀ ಹೀರುವ ಸದ್ದಿಗೆ ಪಕ್ಕದ ಮನೆಯವರು ಏಳಬೇಕು. ಎಷ್ಟು ಹಗುರವಾಗಿದ್ದೇನೆಂದರೆ, ಇಬ್ಬರೂ ಸಂಜೆ ಪಾರ್ಕಿನಲ್ಲಿ ನಡೆಯುತ್ತಾ ಜಗಳ ಕೂಡ ಆಡುತ್ತೇವೆ. ಜೇಬುಗಳನ್ನು ಬಿಚ್ಚಿಕೊಟ್ಟಾಯಿತು. ಬೇಜಾರಾದದ್ದು ಹಾಡುವ ಮಕ್ಕಳಿಗೆ ಮಾತ್ರ.

ಇವತ್ತು ರಾತ್ರಿ ಫೋನ್ ಮಾಡು. ನಾನೇ ಎತ್ತುತ್ತೇನೆ.

ನಿನ್ನ,
ಕಿವಿ ಕೇಳುವ ಅಮ್ಮ

ತಾ.ಕ.: ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೆ. ಹೆಡ್ ಮೇಡಂ ಬೈದುಹೋದ ದಿನವೇ, ದಿನಾ ಹಾಕಿಕೊಳ್ಳುವ ಸ್ವೆಟರಿನ ತೋಳಿನೊಳಗೆ ಕೆಂಪು ದಾರದಲ್ಲಿ ನಿನ್ನ ಹೆಸರು ಹೊಲಿದುಕೊಂಡಿದ್ದೆ, ಪಕ್ಕದಲ್ಲಿ ಮಗಳು ಎಂದೂ. ಈ ಬೆಳಿಗ್ಗೆ ಕೂತು ಬಿಚ್ಚಿದೆ. ನಿನ್ನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಬಿಟ್ಟಿದ್ದೇನೆ. ಅಷ್ಟಿದ್ದರೆ ಉಳಿದದ್ದು ನೆನಪಾಗುತ್ತದೆ.